ಸ್ಟೆಂಟ್ ಅಳವಡಿಸಿದ ಹೃದಯಧಮನಿಯಲ್ಲಿ ರಕ್ತಪ್ರವಾಹ: ಗಣಕಮಾದರಿಗಳು ತಿದ್ದುವ ಒಂದು ರೂಪಕ

ಪ್ರವೇಶ

ಜನಸಾಮಾನ್ಯರು ತಮ್ಮ ದೇಹವನ್ನು ಕುರಿತು ಹೇಗೆ ಮಾತನಾಡುತ್ತಾರೆ ಎಂಬುದು ಜಾನಪದ ಅಧ್ಯಯನದ ಹಳೆಯ ವಿಷಯಗಳಲ್ಲೊಂದು. ಉಷ್ಣ, ಶೀತ, ವಾಯು, ದೃಷ್ಟಿ ಮುಂತಾದ ಪರಿಕಲ್ಪನೆಗಳ ಮೂಲಕ ನಮ್ಮ ಹಳ್ಳಿಗಳು ರೋಗವನ್ನು ಗ್ರಹಿಸಿದ ಬಗೆಯನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಬರಹಗಳು ಬಂದಿವೆ. ಆದರೆ ಕಳೆದ ಕೆಲವು ದಶಕಗಳಲ್ಲಿ ಹಳ್ಳಿಗಳನ್ನು ಮುಟ್ಟಿದ ಹೊಸ ಚಿಕಿತ್ಸೆಗಳನ್ನು ಜನರು ಯಾವ ರೂಪಕಗಳಲ್ಲಿ ಅರ್ಥಮಾಡಿಕೊಳ್ಳುತ್ತಿದ್ದಾರೆ ಎಂಬುದರತ್ತ ನಮ್ಮ ಗಮನ ಅಷ್ಟಾಗಿ ಹೋಗಿಲ್ಲ. "ಹೃದಯದ ಪೈಪು ಕಟ್ಟಿತ್ತು, ಬಲೂನು ಬಿಟ್ಟು ಸ್ಪ್ರಿಂಗು ಕೂರಿಸಿದರು, ಈಗ ಸರಿಹೋಗಿದೆ" ಎಂಬ ಮಾತನ್ನು ನಾನು ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಹಲವು ಬಾರಿ ಕೇಳಿದ್ದೇನೆ. ನನ್ನ ಚಿಕ್ಕಪ್ಪನವರೂ ತಮ್ಮ ಚಿಕಿತ್ಸೆಯನ್ನು ಇದೇ ಮಾತುಗಳಲ್ಲಿ ವಿವರಿಸಿದ್ದರು. ಹೊಸ ತಂತ್ರಜ್ಞಾನವನ್ನು ಜನಭಾಷೆ ಎಷ್ಟು ಬೇಗ ತನ್ನದಾಗಿಸಿಕೊಳ್ಳುತ್ತದೆ ಎಂಬುದಕ್ಕೆ ನಿದರ್ಶನವೆಂದು ಅದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಸಂತೋಷದಿಂದ ಬರೆದುಕೊಂಡಿದ್ದೆ.

ನಾಲ್ಕು ತಿಂಗಳ ನಂತರ ಅವರು ಮಾತ್ರೆಗಳನ್ನು ನಿಲ್ಲಿಸಿದರು. ಪೈಪು ಸರಿಯಾದ ಮೇಲೆ ಮಾತ್ರೆ ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅವರ ರೂಪಕದೊಳಗೆ ಆ ಪ್ರಶ್ನೆ ನ್ಯಾಯವಾದದ್ದೇ. ಕೆಲವು ವಾರಗಳಲ್ಲಿ ಅದೇ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಎರಡನೆಯ ಹೃದಯಾಘಾತವಾಯಿತು. ಜೀವ ಉಳಿಯಿತು, ಆದರೆ ಹೃದಯ ಮೊದಲಿನಂತಾಗಲಿಲ್ಲ. ರೂಪಕವನ್ನು ದಾಖಲಿಸಿಕೊಂಡ ನಾನು ಅದು ಸರಿಯೇ ಎಂದು ಯಾರನ್ನೂ ಕೇಳಿರಲಿಲ್ಲ.

ಪ್ರಸ್ತುತ ಲೇಖನವು ಆ ಪ್ರಶ್ನೆಯನ್ನು ತಡವಾಗಿಯಾದರೂ ಕೇಳುವ ಪ್ರಯತ್ನ. ಸ್ಟೆಂಟ್ ಅಳವಡಿಸಿದ ಧಮನಿಯಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬುದನ್ನು ವಿಜ್ಞಾನಿಗಳು ಗಣಕಯಂತ್ರದ ನೆರವಿನಿಂದ ಕಂಡುಕೊಂಡಿರುವ ಬಗೆಯನ್ನು ವಿವರಿಸುವುದು, ಅದರ ಬೆಳಕಿನಲ್ಲಿ 'ಪೈಪು' ಎಂಬ ಚಿತ್ರ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎಂದು ನೋಡುವುದು ಇದರ ಉದ್ದೇಶ.

ಧಮನಿ ಮತ್ತು ಸ್ಟೆಂಟ್

ಹೃದಯವು ದೇಹಕ್ಕೆಲ್ಲ ರಕ್ತವನ್ನು ಒತ್ತಿ ಕಳುಹಿಸುವ ಅಂಗವಾದರೂ ಅದರ ಸ್ನಾಯುವಿಗೆ ಬೇಕಾದ ರಕ್ತ ಅದರ ಹೊರಮೈಯ ಮೇಲೆ ಹಬ್ಬಿರುವ ಎರಡು ಕರೊನರಿ ಧಮನಿಗಳ ಮೂಲಕ ಬರುತ್ತದೆ. ಮಹಾಧಮನಿಯ ಬುಡದಲ್ಲಿ ಹುಟ್ಟುವ ಈ ಧಮನಿಗಳ ಮುಖ್ಯ ಶಾಖೆಗಳ ಒಳವ್ಯಾಸ ಸುಮಾರು 2ರಿಂದ 5 ಮಿಲಿಮೀಟರು. ವಿಶ್ರಾಂತಿಯಲ್ಲಿರುವಾಗ ಹೃದಯ ಹೊರಹಾಕುವ ರಕ್ತದಲ್ಲಿ ಶೇಕಡ 5ರಷ್ಟು ಈ ದಾರಿಯಲ್ಲಿ ಸಾಗುತ್ತದೆ. ಎಡಧಮನಿಯಲ್ಲಿ ರಕ್ತ ಹೆಚ್ಚಾಗಿ ಹರಿಯುವುದು ಹೃದಯ ಕುಗ್ಗುವಾಗ ಅಲ್ಲ, ಹಿಗ್ಗುವಾಗ. ಕುಗ್ಗುವ ಸ್ನಾಯು ತನ್ನೊಳಗಿನ ಸಣ್ಣ ನಾಳಗಳನ್ನೇ ಹಿಂಡುವುದು ಇದಕ್ಕೆ ಕಾರಣ.

ಈ ಧಮನಿಗಳ ಗೋಡೆಯಲ್ಲಿ ಕೊಬ್ಬು ಮತ್ತಿತರ ವಸ್ತುಗಳು ಸೇರಿ ದಾರಿ ಕಿರಿದಾದಾಗ ಅದನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯನ್ನು 1977ರ ಸೆಪ್ಟೆಂಬರಿನಲ್ಲಿ ಝೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಬಾರಿಗೆ ನೆರವೇರಿಸಿದರು. ಹಿಗ್ಗಿಸಿದ ಧಮನಿ ಮತ್ತೆ ಕುಗ್ಗುವ ತೊಂದರೆಗೆ ಪರಿಹಾರವಾಗಿ 1986ರಲ್ಲಿ ಫ್ರಾನ್ಸಿನ ಝಾಕ್ ಪುಯೆಲ್ ಹಾಗೂ ಸ್ವಿಟ್ಜರ್ಲೆಂಡಿನ ಉಲ್ರಿಚ್ ಸಿಗ್ವಾರ್ಟ್ ಅವರು ಮನುಷ್ಯರ ಹೃದಯಧಮನಿಯಲ್ಲಿ ಲೋಹದ ಜಾಲರಿಯ ಕೊಳವೆಯನ್ನು ಅಳವಡಿಸಿದರು. ಇದೇ ಸ್ಟೆಂಟ್. 1994ರಲ್ಲಿ ಪ್ರಕಟವಾದ ಬೆನೆಸ್ಟೆಂಟ್ ಎಂಬ ಯುರೋಪಿನ ಅಧ್ಯಯನದಲ್ಲಿ ಬಲೂನು ಮಾತ್ರ ಬಳಸಿದವರಲ್ಲಿ ಶೇಕಡ 32 ಮಂದಿಗೆ, ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇಕಡ 22 ಮಂದಿಗೆ ಧಮನಿ ಮತ್ತೆ ಕಿರಿದಾಗಿತ್ತು. ಸುಧಾರಣೆ ಸ್ಪಷ್ಟ. ಆದರೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ದಾರಿ ಮತ್ತೆ ಮುಚ್ಚತೊಡಗಿತ್ತು ಎಂಬುದೂ ಅಷ್ಟೇ ಸ್ಪಷ್ಟ.

ಪೈಪಿನ ರೂಪಕಕ್ಕೆ ಮೊದಲ ತೊಡಕು ಎದುರಾಗುವುದು ಇಲ್ಲಿಯೇ. ತೆರೆದ ಪೈಪು ಕೆಲವೇ ತಿಂಗಳುಗಳಲ್ಲಿ ತಾನಾಗಿ ಒಳಗಿನಿಂದ ಬೆಳೆದು ಮುಚ್ಚಿಕೊಳ್ಳುವುದಿಲ್ಲ. ಧಮನಿ ಮುಚ್ಚಿಕೊಳ್ಳುತ್ತದೆ. ಏಕೆಂದರೆ ಅದು ಜೀವಂತ ಅಂಗಾಂಶ.

ಗೋಡೆಗೆ ತಾಗುವ ಉಜ್ಜುಬಲ

ಹರಿಯುವ ರಕ್ತ ಧಮನಿಯ ಗೋಡೆಯ ಮೇಲೆ ಎರಡು ಬಗೆಯ ಬಲಗಳನ್ನು ಪ್ರಯೋಗಿಸುತ್ತದೆ. ಒಂದು, ಗೋಡೆಯನ್ನು ಹೊರಕ್ಕೆ ತಳ್ಳುವ ಒತ್ತಡ. ವೈದ್ಯರು ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ರಕ್ತದೊತ್ತಡ ಇದೇ. ಇನ್ನೊಂದು, ಹರಿವಿನ ದಿಕ್ಕಿನಲ್ಲಿ ಗೋಡೆಯನ್ನು ಸವರಿ ಎಳೆಯುವ ಬಲ. ತಾಂತ್ರಿಕ ಭಾಷೆಯಲ್ಲಿ ಷಿಯರ್ ಸ್ಟ್ರೆಸ್ ಎನ್ನಲಾಗುವ ಇದನ್ನು ಇಲ್ಲಿ 'ಉಜ್ಜುಬಲ' ಎಂದು ಕರೆಯಲಾಗಿದೆ.

ಎರಡರ ಪ್ರಮಾಣದಲ್ಲಿ ಅಗಾಧ ಅಂತರವಿದೆ. ರಕ್ತದೊತ್ತಡದ ಸರಾಸರಿ ಸುಮಾರು 100 ಮಿಲಿಮೀಟರು ಪಾದರಸ, ಅಂದರೆ 13,000 ಪ್ಯಾಸ್ಕಲ್‌ಗಿಂತ ತುಸು ಹೆಚ್ಚು. ಆರೋಗ್ಯವಂತ ಧಮನಿಯಲ್ಲಿನ ಉಜ್ಜುಬಲವಾದರೋ ಒಂದರಿಂದ ಎರಡೂವರೆ ಪ್ಯಾಸ್ಕಲ್ ಮಾತ್ರ. ಬರೆಯುವ ಕಾಗದದ ಒಂದು ಹಾಳೆ ಮೇಜಿನ ಮೇಲೆ ಹೇರುವ ಭಾರವೂ ಹೆಚ್ಚುಕಡಿಮೆ ಒಂದು ಪ್ಯಾಸ್ಕಲ್‌ನಷ್ಟೇ ಇರುತ್ತದೆ. ಇಷ್ಟು ಅಲ್ಪವಾದ ಬಲವನ್ನು ಧಮನಿಯ ಒಳಮೈಯನ್ನು ಹೊದಿಸಿರುವ ಒಂದೇ ಪದರದ ಜೀವಕೋಶಗಳು, ಅಂದರೆ ಎಂಡೋಥೀಲಿಯಂ, ಗುರುತಿಸಬಲ್ಲವು. ಹರಿವು ಒಂದೇ ದಿಕ್ಕಿನಲ್ಲಿ ತಕ್ಕಷ್ಟು ವೇಗದಿಂದಿದ್ದರೆ ಈ ಕೋಶಗಳು ಆ ದಿಕ್ಕಿಗೆ ಉದ್ದವಾಗಿ ಸಾಲುಗೂಡುತ್ತವೆ, ನೈಟ್ರಿಕ್ ಆಕ್ಸೈಡ್ ಮುಂತಾದ ರಕ್ಷಕ ವಸ್ತುಗಳನ್ನು ಸ್ರವಿಸುತ್ತವೆ. ಉಜ್ಜುಬಲ ಸುಮಾರು 0.4 ಪ್ಯಾಸ್ಕಲ್‌ಗಿಂತ ಕೆಳಗಿಳಿದಾಗ ಅಥವಾ ಅದರ ದಿಕ್ಕು ಹಿಂದುಮುಂದಾಗುತ್ತಿರುವಾಗ ಅದೇ ಕೋಶಗಳ ವರ್ತನೆ ಬದಲಾಗುತ್ತದೆ. ಉರಿಯೂತಕ್ಕೂ ಗೋಡೆಯ ದಪ್ಪವಾಗುವಿಕೆಗೂ ಎಡೆಯಾಗುತ್ತದೆ. ಕಡಿಮೆ ಉಜ್ಜುಬಲವಿರುವಲ್ಲಿಯೇ ಧಮನಿರೋಗ ಬೇರೂರುತ್ತದೆ ಎಂಬ ಸಿದ್ಧಾಂತವನ್ನು ಲಂಡನ್ನಿನಲ್ಲಿ ಕಾಲಿನ್ ಕ್ಯಾರೋ ಮತ್ತು ಅವರ ಸಂಗಡಿಗರು 1969ರಲ್ಲಿ ಮುಂದಿಟ್ಟರು. ವೇಗದ ಹರಿವು ಗೋಡೆಯನ್ನು ಕೆರೆದು ಹಾನಿಮಾಡುತ್ತದೆ ಎಂಬ ಭಾವನೆಯೂ ಪ್ರಬಲವಾಗಿದ್ದ ಕಾಲವದು.

ನಮ್ಮ ಕೆರೆ ಕಾಲುವೆಗಳ ನೀರಗಂಟಿಗಳಿಗೆ ಇದರ ಅರ್ಧಭಾಗ ಗೊತ್ತಿತ್ತು. ನೀರು ನಿಧಾನವಾದಲ್ಲಿ ಹೂಳು ಕೂರುತ್ತದೆ, ಕಾಲುವೆಯಲ್ಲಿ ಕಲ್ಲೊಂದು ಅಡ್ಡವಾದರೆ ಅದರ ಹಿಂದೆ ಸುಳಿ ಹುಟ್ಟಿ ತರಗೆಲೆ ಅಲ್ಲಿಯೇ ಸುತ್ತುತ್ತದೆ ಎಂಬುದು ಅವರ ನಿತ್ಯದ ಅನುಭವ. ಸ್ಟೆಂಟಿನೊಳಗೆ ನಡೆಯುವುದನ್ನು ಅರಿಯಲು ಈ ಚಿತ್ರ ಪೈಪಿನ ಚಿತ್ರಕ್ಕಿಂತ ಹೆಚ್ಚು ಸಹಾಯಕ. ಆದರೆ ಕಾಲುವೆಯ ಏರಿ ನೀರಿನ ವೇಗವನ್ನು ಗಮನಿಸಿ ತನ್ನ ಮೈಯನ್ನು ತಾನೇ ಬೆಳೆಸಿಕೊಳ್ಳುವುದಿಲ್ಲ. ಧಮನಿಯನ್ನು ಮತ್ತೆ ಕಿರಿದು ಮಾಡುವುದು ಹೊರಗಿನಿಂದ ಬಂದು ಕೂರುವ ಹೂಳಲ್ಲ, ಮುಖ್ಯವಾಗಿ ಗೋಡೆಯದೇ ಬೆಳವಣಿಗೆ. ಈ ವ್ಯತ್ಯಾಸವನ್ನು ಮುಂದಿನ ಚರ್ಚೆಯಲ್ಲಿ ನೆನಪಿನಲ್ಲಿಡುವುದು ಅಗತ್ಯ.

ಗಣಕಮಾದರಿಯನ್ನು ಕಟ್ಟುವ ಬಗೆ

ಬದುಕಿರುವ ಮನುಷ್ಯನ ಧಮನಿಯ ಗೋಡೆಯ ಮೇಲಿನ ಉಜ್ಜುಬಲವನ್ನು ನೇರವಾಗಿ ಅಳೆಯುವ ಉಪಕರಣವಿಲ್ಲ. ಅದನ್ನು ಲೆಕ್ಕಹಾಕಿಯೇ ತಿಳಿಯಬೇಕು. ಸರಳವಾದ ನೇರ ಕೊಳವೆಗೆ ಈ ಲೆಕ್ಕವನ್ನು ಕಾಗದದ ಮೇಲೆಯೇ ಮಾಡಬಹುದು. 3 ಮಿಲಿಮೀಟರು ವ್ಯಾಸದ ಕೊಳವೆಯಲ್ಲಿ ರಕ್ತ ಸೆಕೆಂಡಿಗೆ ಸರಾಸರಿ 20 ಸೆಂಟಿಮೀಟರು ವೇಗದಲ್ಲಿ ಹರಿದರೆ ಗೋಡೆಯ ಮೇಲಿನ ಉಜ್ಜುಬಲ ಸುಮಾರು 1.9 ಪ್ಯಾಸ್ಕಲ್ ಆಗುತ್ತದೆ. ಆದರೆ ನಿಜವಾದ ಧಮನಿ ಬಾಗುತ್ತದೆ, ಕವಲೊಡೆಯುತ್ತದೆ. ಅದರೊಳಗೆ ಸ್ಟೆಂಟಿನ ನೂರಾರು ಎಳೆಗಳು ಅಡ್ಡಬರುತ್ತವೆ. ಅಂಥ ಆಕಾರಕ್ಕೆ ಕಾಗದದ ಲೆಕ್ಕ ಸಾಲದು. ಗಣಕಯಂತ್ರದ ಪ್ರವೇಶವಾಗುವುದು ಇಲ್ಲಿ.

ಮೊದಲ ಹಂತ ಆಕಾರದ ಸಂಗ್ರಹ. ಆಂಜಿಯೋಗ್ರಾಮ್, ಸಿ.ಟಿ. ಚಿತ್ರ ಅಥವಾ ಧಮನಿಯೊಳಗೆ ತೆಳುವಾದ ತಂತಿಯ ಮೂಲಕ ಕಳುಹಿಸಿದ ಅತಿಧ್ವನಿ ಉಪಕರಣದಿಂದ ಧಮನಿಯ ಮೂರು ಆಯಾಮಗಳ ರೂಪವನ್ನು ಪಡೆಯಲಾಗುತ್ತದೆ. ಅತಿಧ್ವನಿಯ ಬದಲು ಬೆಳಕನ್ನು ಬಳಸುವ ಓ.ಸಿ.ಟಿ. ವಿಧಾನ ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ಸೂಕ್ಷ್ಮ ವಿವರವನ್ನೂ ತೋರಿಸುವುದರಿಂದ ಸ್ಟೆಂಟಿನ ಎಳೆಗಳನ್ನು ಬಿಡಿಬಿಡಿಯಾಗಿ ಗುರುತಿಸಲು ಸಾಧ್ಯವಾಗಿದೆ. ಕೆಲವು ಅಧ್ಯಯನಗಳಲ್ಲಿ ಮಡಿಚಿದ ಸ್ಟೆಂಟ್ ಬಲೂನಿನ ಒತ್ತಡಕ್ಕೆ ಹೇಗೆ ಬಿಚ್ಚಿಕೊಳ್ಳುತ್ತದೆ, ಗೋಡೆಯನ್ನು ಎಲ್ಲೆಲ್ಲಿ ಒತ್ತುತ್ತದೆ ಎಂಬುದನ್ನೂ ಗಣಕದಲ್ಲಿಯೇ ಅನುಕರಿಸಲಾಗುತ್ತದೆ.

ಎರಡನೆಯ ಹಂತದಲ್ಲಿ ರಕ್ತ ತುಂಬಿರುವ ಒಳಜಾಗವನ್ನು ಲಕ್ಷಗಟ್ಟಲೆ, ಕೆಲವೊಮ್ಮೆ ಕೋಟಿಗೂ ಮೀರಿದ ಪುಟ್ಟ ಪುಟ್ಟ ಕೋಣೆಗಳಾಗಿ ವಿಭಜಿಸಲಾಗುತ್ತದೆ. ಧಮನಿಯ ನಡುವೆ ಕೋಣೆಗಳು ದೊಡ್ಡವಿದ್ದರೂ ನಡೆಯುತ್ತದೆ. ಎಳೆಗಳ ಬಳಿ ಅವು ಮಿಲಿಮೀಟರಿನ ಸಾವಿರದ ಕೆಲವು ಭಾಗಗಳಷ್ಟು ಕಿರಿದಾಗಿರಬೇಕು. ಮೂರನೆಯದು ನಿಯಮಗಳ ಅನ್ವಯ. ಕೋಣೆಯೊಂದಕ್ಕೆ ಎಷ್ಟು ರಕ್ತ ಬಂದಿತೋ ಅಷ್ಟೂ ಹೊರಹೋಗಬೇಕು. ಒತ್ತಡ ಮತ್ತು ಸ್ನಿಗ್ಧತೆಯ ಬಲಗಳಿಗೆ ತಕ್ಕಂತೆ ವೇಗ ಬದಲಾಗಬೇಕು. 19ನೆಯ ಶತಮಾನದಲ್ಲಿ ಫ್ರಾನ್ಸಿನ ನೇವಿಯೇ ಮತ್ತು ಬ್ರಿಟನ್ನಿನ ಸ್ಟೋಕ್ಸ್ ರೂಪಿಸಿದ ಸಮೀಕರಣಗಳ ಸಾರ ಇದು. ರಕ್ತದ ಸಾಂದ್ರತೆ ಘನಮೀಟರಿಗೆ ಸುಮಾರು 1,060 ಕಿಲೋಗ್ರಾಂ. ಅದರ ಸ್ನಿಗ್ಧತೆ ನೀರಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು; ಹರಿವು ನಿಧಾನವಾದಂತೆ ಕೆಂಪುಕಣಗಳು ಒಂದಕ್ಕೊಂದು ಅಂಟುವುದರಿಂದ ಇನ್ನೂ ಹೆಚ್ಚುತ್ತದೆ.

ನಾಲ್ಕನೆಯದಾಗಿ ಅಂಚಿನ ಸಂಗತಿಗಳನ್ನು ಹೇಳಬೇಕು. ಧಮನಿಯ ಬಾಯಿಯಲ್ಲಿ ಪ್ರತಿ ಕ್ಷಣ ಎಷ್ಟು ರಕ್ತ ಒಳಬರುತ್ತದೆ, ಕವಲುಗಳಲ್ಲಿ ಹೇಗೆ ಹಂಚಿಹೋಗುತ್ತದೆ, ಗೋಡೆಗೆ ಅಂಟಿದ ರಕ್ತದ ವೇಗ ಸೊನ್ನೆ ಎಂಬಿವೇ ಆ ಸಂಗತಿಗಳು. ಇವನ್ನೆಲ್ಲ ಒದಗಿಸಿದ ಬಳಿಕ ಗಣಕವು ಹೃದಯಬಡಿತದ ಒಂದೊಂದು ಆವರ್ತವನ್ನು ನೂರಾರು ಕ್ಷಣಗಳಾಗಿ ಒಡೆದು ಪ್ರತಿಯೊಂದು ಕೋಣೆಯಲ್ಲಿಯೂ ವೇಗ ಮತ್ತು ಒತ್ತಡವನ್ನು ಕಂಡುಹಿಡಿಯುತ್ತದೆ. ಕೋಣೆಗಳನ್ನು ಇನ್ನಷ್ಟು ಕಿರಿದು ಮಾಡಿದರೂ ಉತ್ತರ ಬದಲಾಗದಿದ್ದಾಗ ಮಾತ್ರ ಲೆಕ್ಕವನ್ನು ನಂಬಲಾಗುತ್ತದೆ.

ಮಾದರಿಗಳು ತೋರಿಸಿದ ಸಂಗತಿಗಳು

ಅಮೆರಿಕದ ಜಾನ್ ಲಾಡೀಸಾ ಮತ್ತು ಸಂಗಡಿಗರು 2003ರಿಂದ ಪ್ರಕಟಿಸಿದ ಸರಣಿ ಅಧ್ಯಯನಗಳು ಈ ಕ್ಷೇತ್ರದ ಆರಂಭದ ಮುಖ್ಯ ಕೆಲಸಗಳಲ್ಲಿ ಸೇರುತ್ತವೆ. ಎಳೆಗಳ ಸಂಖ್ಯೆ, ಅಗಲ, ದಪ್ಪ ಮತ್ತು ಸ್ಟೆಂಟನ್ನು ಎಷ್ಟು ಹಿಗ್ಗಿಸಲಾಗಿದೆ ಎಂಬುದನ್ನು ಅವಲಂಬಿಸಿ ಕಡಿಮೆ ಉಜ್ಜುಬಲದ ಪ್ರದೇಶ ಹೇಗೆ ಹೆಚ್ಚುಕಡಿಮೆಯಾಗುತ್ತದೆ ಎಂಬುದನ್ನು ಅವು ತೋರಿಸಿದವು. ಇಂಥ ಮಾದರಿಗಳಿಂದ ತಿಳಿದುಬಂದ ಮೂರು ಸಂಗತಿಗಳನ್ನು ಇಲ್ಲಿ ಗಮನಿಸಬಹುದು.

ಮೊದಲನೆಯದು ಎಳೆಗಳ ಸುತ್ತಣ ಸುಳಿ. ಸ್ಟೆಂಟಿನ ಎಳೆಯ ದಪ್ಪ ತಲೆಗೂದಲಿನ ದಪ್ಪದ ಆಸುಪಾಸಿನದು. 3 ಮಿಲಿಮೀಟರಿನ ಧಮನಿಯಲ್ಲಿ 0.14 ಮಿಲಿಮೀಟರಿನ ಎಳೆ ನಗಣ್ಯವೆನಿಸಬಹುದು. ಆದರೆ ಗೋಡೆಯ ಬಳಿ ಅದು ಕಾಲುವೆಯ ಅಡ್ಡಗಲ್ಲಿನಂತೆ ವರ್ತಿಸುತ್ತದೆ. ಎಳೆಯ ನೆತ್ತಿಯ ಮೇಲೆ ಉಜ್ಜುಬಲ ಏರುತ್ತದೆ. ಅದರ ಹಿಂದೆ ಮುಂದೆ ರಕ್ತ ನಿಧಾನಗೊಂಡು ಪುಟ್ಟ ಸುಳಿಗಳಲ್ಲಿ ತಿರುಗುತ್ತದೆ. ಏರಿದ ಉಜ್ಜುಬಲಕ್ಕೆ ರಕ್ತದ ಕಿರುಬಿಲ್ಲೆಗಳು ಚುರುಕುಗೊಳ್ಳಬಲ್ಲವು, ಸುಳಿಯೊಳಗೆ ಹೆಪ್ಪುಕಾರಕ ವಸ್ತುಗಳು ಕೊಚ್ಚಿಹೋಗದೆ ಉಳಿಯಬಲ್ಲವು. ಎಳೆ ಎಂಡೋಥೀಲಿಯಂ ಕೋಶಗಳಿಂದ ಮುಚ್ಚಿಹೋಗುವವರೆಗೂ ಈ ಅಪಾಯವಿರುತ್ತದೆ. ಗೋಡೆಯ ಅತಿಬೆಳವಣಿಗೆಯನ್ನು ತಡೆಯಲೆಂದು ಔಷಧ ಲೇಪಿಸಿದ ಸ್ಟೆಂಟುಗಳು 2002-03ರ ಸುಮಾರಿಗೆ ಬಳಕೆಗೆ ಬಂದವು. ಬೆಳವಣಿಗೆಯನ್ನು ತಡೆಯುವ ಔಷಧ ಎಳೆಯನ್ನು ಮುಚ್ಚಬೇಕಾದ ಕೋಶಗಳ ಹಬ್ಬುವಿಕೆಯನ್ನೂ ತಡಮಾಡುತ್ತದೆ. ಹಾಗಾಗಿಯೇ ಕಿರುಬಿಲ್ಲೆಗಳನ್ನು ಹದದಲ್ಲಿಡುವ ಮಾತ್ರೆಗಳನ್ನು ಸ್ಟೆಂಟ್ ಹಾಕಿದ ಮೇಲೆ ಹಲವು ತಿಂಗಳು ತಪ್ಪದೆ ಸೇವಿಸಬೇಕಾಗುತ್ತದೆ. ಚಿಕ್ಕಪ್ಪನವರ ಪ್ರಶ್ನೆಗೆ ಉತ್ತರ ಇದು.

ಎರಡನೆಯದು ವ್ಯಾಸದ ಲೆಕ್ಕ. ದಾರಿ ಅಗಲವಾದಷ್ಟೂ ಒಳ್ಳೆಯದು ಎನ್ನುತ್ತದೆ ಪೈಪಿನ ತರ್ಕ. ಆದರೆ ಅಷ್ಟೇ ಪ್ರಮಾಣದ ರಕ್ತ ಹರಿಯುವಾಗ ಉಜ್ಜುಬಲ ತ್ರಿಜ್ಯದ ಘನಕ್ಕೆ ವಿಲೋಮವಾಗಿರುತ್ತದೆ. ಧಮನಿಯನ್ನು ಅದರ ಸಹಜ ಅಳತೆಗಿಂತ ಶೇಕಡ 10ರಷ್ಟು ಹೆಚ್ಚು ಹಿಗ್ಗಿಸಿದರೆ ಉಜ್ಜುಬಲ ಸುಮಾರು ಕಾಲುಭಾಗ ಇಳಿಯುತ್ತದೆ. ಇದರಿಂದ ಸ್ಟೆಂಟನ್ನು ಕಡಿಮೆ ಹಿಗ್ಗಿಸಬೇಕೆಂದು ತೀರ್ಮಾನಿಸುವುದು ತಪ್ಪು. ಸಾಕಷ್ಟು ಹಿಗ್ಗದ ಸ್ಟೆಂಟ್ ಹೆಪ್ಪುಗಟ್ಟುವುದಕ್ಕೂ ಮರಳಿ ಕಿರಿದಾಗುವುದಕ್ಕೂ ಮುಖ್ಯ ಕಾರಣವೆಂಬುದು ಚಿಕಿತ್ಸಾನುಭವದಿಂದ ದೃಢಪಟ್ಟಿದೆ. ಧಮನಿಗೆ ಹೊಂದುವ ಅಳತೆಯೇ ಗುರಿ ಎಂಬುದಷ್ಟೇ ಇಲ್ಲಿನ ಪಾಠ.

ಮೂರನೆಯದು ಔಷಧದ ಹಂಚಿಕೆ. ಲೇಪಿತ ಔಷಧ ಎಳೆ ತಾಗಿದ ಜಾಗದಲ್ಲಿ ಮಾತ್ರ ಗೋಡೆಗೆ ಇಳಿಯುತ್ತದೆ ಎಂದು ಮೇಲುನೋಟಕ್ಕೆ ಅನಿಸುತ್ತದೆ. ಎಲೇಜರ್ ಎಡೆಲ್‌ಮನ್ ಅವರ ತಂಡ 2005ರಲ್ಲಿ ಪ್ರಕಟಿಸಿದ ಗಣಕಮಾದರಿಯು ಎಳೆಯ ಪಕ್ಕದ ಸುಳಿಗಳಲ್ಲಿ ನಿಲ್ಲುವ ರಕ್ತವೂ ಔಷಧವನ್ನು ಗೋಡೆಗೆ ತಲುಪಿಸುತ್ತದೆ ಎಂದು ತೋರಿಸಿತು. ಅಪಾಯ ತರುವ ಸುಳಿಯೇ ಔಷಧವನ್ನೂ ಹಿಡಿದಿಡುತ್ತದೆ. ಹರಿವಿನ ಲೆಕ್ಕವಿಲ್ಲದೆ ಇದನ್ನು ಊಹಿಸುವುದು ಕಷ್ಟವಿತ್ತು.

ಪುರಾವೆ

ಪರದೆಯ ಮೇಲಿನ ಬಣ್ಣದ ಚಿತ್ರ ರೋಗಿಯ ದೇಹದಲ್ಲಿ ನಿಜವಾಗುತ್ತದೆಯೇ ಎಂಬುದು ಸಹಜ ಪ್ರಶ್ನೆ. 2001ರಲ್ಲಿ ಪ್ರಕಟವಾದ ಜರ್ಮನಿಯ ಐಸಾರ್-ಸ್ಟೀರಿಯೋ ಅಧ್ಯಯನದಲ್ಲಿ 0.05 ಮಿಲಿಮೀಟರು ದಪ್ಪದ ಎಳೆಗಳ ಸ್ಟೆಂಟನ್ನು 0.14 ಮಿಲಿಮೀಟರು ದಪ್ಪದ ಎಳೆಗಳ ಸ್ಟೆಂಟಿನೊಂದಿಗೆ ಹೋಲಿಸಲಾಯಿತು. ಧಮನಿ ಮತ್ತೆ ಕಿರಿದಾದ ಪ್ರಮಾಣ ತೆಳು ಎಳೆಗಳಲ್ಲಿ ಶೇಕಡ 15, ದಪ್ಪ ಎಳೆಗಳಲ್ಲಿ ಶೇಕಡ 25.8. ಅದೇ ವರ್ಷ ರಾಟರ್‌ಡ್ಯಾಮಿನ ಸಂಶೋಧಕರು ಸ್ಟೆಂಟಿನೊಳಗೆ ಉಜ್ಜುಬಲ ಕಡಿಮೆಯಿದ್ದಲ್ಲಿ ಹೊಸ ಅಂಗಾಂಶ ಹೆಚ್ಚು ದಪ್ಪವಾಗಿ ಬೆಳೆದಿದ್ದುದನ್ನು ರೋಗಿಗಳಲ್ಲಿಯೇ ಕಂಡರು. 2011ರಲ್ಲಿ ದೇಹದ ಹೊರಗೆ ರಕ್ತವನ್ನು ಕೊಳವೆಗಳಲ್ಲಿ ಹರಿಸಿ ಮಾಡಿದ ಪ್ರಯೋಗದಲ್ಲಿ 0.162 ಮಿಲಿಮೀಟರಿನ ಎಳೆಗಳು, ಉಳಿದೆಲ್ಲದರಲ್ಲಿ ಅವನ್ನೇ ಹೋಲುವ 0.081 ಮಿಲಿಮೀಟರಿನ ಎಳೆಗಳಿಗಿಂತ ಒಂದೂವರೆ ಪಟ್ಟು ಹೆಚ್ಚು ಹೆಪ್ಪುಗಟ್ಟಿಸಿದವು. ಸ್ಟೆಂಟ್ ಹಾಕದ ಧಮನಿಗಳ ಮಟ್ಟಿಗೆ ಜಪಾನಿನಲ್ಲಿ 506 ರೋಗಿಗಳನ್ನು ಅನುಸರಿಸಿ 2012ರಲ್ಲಿ ಪ್ರಕಟಿಸಿದ ಪ್ರಿಡಿಕ್ಷನ್ ಅಧ್ಯಯನವೂ ಕಡಿಮೆ ಉಜ್ಜುಬಲವಿದ್ದಲ್ಲಿ ರೋಗ ಮುಂದುವರಿಯುವ ಸಂಭವ ಹೆಚ್ಚೆಂದು ತೋರಿಸಿತು.

ಕರಗಿಹೋಗುವ ಸ್ಟೆಂಟಿನ ಕಥೆ ಇದಕ್ಕೆ ಇನ್ನೊಂದು ನಿದರ್ಶನ. ಕೆಲಸ ಮುಗಿದ ಮೇಲೆ ದೇಹದಲ್ಲಿಯೇ ಕರಗುವ ಅಬ್ಸಾರ್ಬ್ ಎಂಬ ಸ್ಟೆಂಟಿಗೆ ಅಮೆರಿಕದಲ್ಲಿ 2016ರ ಜುಲೈನಲ್ಲಿ ಅನುಮತಿ ದೊರೆಯಿತು. ಲೋಹಕ್ಕಿಂತ ದುರ್ಬಲವಾದ ವಸ್ತುವಿನಿಂದ ಮಾಡಿದ್ದರಿಂದ ಅದರ ಎಳೆಗಳು ಸುಮಾರು 0.15 ಮಿಲಿಮೀಟರು ದಪ್ಪವಿರಬೇಕಾಯಿತು. ಅದರೊಳಗೆ ಹೆಪ್ಪುಗಟ್ಟುವ ಪ್ರಮಾಣ ಲೋಹದ ಸ್ಟೆಂಟಿಗಿಂತ ಹೆಚ್ಚೆಂದು ಅಧ್ಯಯನಗಳು ತೋರಿಸಿದವು. 2017ರಲ್ಲಿ ಮಾರಾಟ ನಿಂತಿತು. ಎಳೆಯ ದಪ್ಪವೊಂದೇ ಅದಕ್ಕೆ ಕಾರಣವೆನ್ನಲಾಗದು. ಆದರೂ ಮುಖ್ಯ ಕಾರಣಗಳಲ್ಲಿ ಅದೊಂದು ಎಂಬುದನ್ನು ವ್ಯಾಪಕವಾಗಿ ಒಪ್ಪಲಾಗಿದೆ.

ಮಿತಿಗಳು

ಮಾದರಿಯೂ ಒಂದು ರೂಪಕವೇ. ಅಳೆದು ಪರೀಕ್ಷಿಸಬಹುದಾದ ರೂಪಕವೆಂಬುದು ಅದರ ವಿಶೇಷ. ಹಲವು ಮಾದರಿಗಳು ಧಮನಿಯ ಗೋಡೆ ಅಲುಗುವುದಿಲ್ಲ ಎಂದು ಭಾವಿಸುತ್ತವೆ. ನಿಜದಲ್ಲಿ ಅದು ಹೃದಯದೊಂದಿಗೆ ಪ್ರತಿ ಬಡಿತಕ್ಕೂ ಬಾಗಿ ತಿರುಚುತ್ತದೆ. ಒಳಬರುವ ರಕ್ತದ ಪ್ರಮಾಣವನ್ನು ಅನೇಕ ಬಾರಿ ಆ ರೋಗಿಯಿಂದಲ್ಲ, ಸರಾಸರಿ ಮೌಲ್ಯಗಳಿಂದ ಪಡೆಯಲಾಗುತ್ತದೆ. ಹರಿವಿನ ಚಿತ್ರ ಒಂದು ದಿನದ್ದು. ಗೋಡೆಯ ಬೆಳವಣಿಗೆ ತಿಂಗಳುಗಳದ್ದು. ಸಕ್ಕರೆ ಕಾಯಿಲೆ, ಧೂಮಪಾನ, ಧಮನಿಯ ಅಳತೆ ಇವುಗಳ ಪಾತ್ರವನ್ನು ಹರಿವಿನ ಲೆಕ್ಕವೊಂದೇ ಹಿಡಿಯಲಾರದು. ಪ್ರತಿ ರೋಗಿಯ ಸ್ಟೆಂಟಿಗೂ ಇಂಥ ಲೆಕ್ಕಹಾಕುವುದು ದಿನನಿತ್ಯದ ಚಿಕಿತ್ಸೆಯ ಭಾಗವಾಗಿಲ್ಲ. ಉಜ್ಜುಬಲವನ್ನಲ್ಲ, ಒತ್ತಡದ ಇಳಿತವನ್ನು ಸಿ.ಟಿ. ಚಿತ್ರದಿಂದ ಗಣಿಸಿ ಸ್ಟೆಂಟ್ ಬೇಕೇ ಬೇಡವೇ ಎಂದು ನಿರ್ಧರಿಸಲು ನೆರವಾಗುವ ಗಣಕವಿಧಾನವೊಂದಕ್ಕೆ ಮಾತ್ರ 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿದ್ದು, ಅದು ಆಸ್ಪತ್ರೆಗಳನ್ನು ತಲುಪಿದೆ.

ಉಪಸಂಹಾರ

ಭಾರತದಲ್ಲಿ 2017ರ ಫೆಬ್ರವರಿಯಲ್ಲಿ ಔಷಧಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಗಳ ಮಿತಿ ಹಾಕಲಾಯಿತು. ಅದಕ್ಕೆ ಮೊದಲು ಲಕ್ಷಕ್ಕೂ ಮೀರಿದ ಬೆಲೆಯ ಸ್ಟೆಂಟುಗಳು ಸಾಮಾನ್ಯವಾಗಿದ್ದವು. ಚಿಕಿತ್ಸೆ ಹಳ್ಳಿಯ ಮನೆಗಳಿಗೆ ಹತ್ತಿರವಾದಂತೆ ಅದನ್ನು ಕುರಿತ ಮಾತೂ ಹಬ್ಬುತ್ತದೆ. ಮಾತ್ರೆಗಳನ್ನು ಅವಧಿಗೆ ಮೊದಲೇ ನಿಲ್ಲಿಸುವುದು ಸ್ಟೆಂಟಿನೊಳಗೆ ಹೆಪ್ಪುಗಟ್ಟುವುದಕ್ಕೆ ಅತಿ ಪ್ರಬಲ ಕಾರಣಗಳಲ್ಲೊಂದು ಎಂಬುದನ್ನು ವೈದ್ಯಕೀಯ ಅಧ್ಯಯನಗಳು ಸ್ಪಷ್ಟಪಡಿಸಿವೆ. ಆ ಅವಧಿ ರೋಗಿಯಿಂದ ರೋಗಿಗೆ ಬೇರೆಯಾಗುವುದರಿಂದ ಅದನ್ನು ನಿರ್ಧರಿಸಬೇಕಾದವರು ಚಿಕಿತ್ಸೆ ನೀಡಿದ ವೈದ್ಯರು. ಪೈಪು ಎಂಬ ಪದವಲ್ಲ.

ಜನರ ರೂಪಕಗಳನ್ನು ತಿದ್ದುವುದು ಜಾನಪದ ವಿದ್ವಾಂಸನ ಕೆಲಸವಲ್ಲವೆಂದು ನಮಗೆ ಕಲಿಸಲಾಗಿದೆ. ಹೇಳಿದ್ದನ್ನು ಹೇಳಿದಂತೆ ದಾಖಲಿಸಬೇಕು ಎಂಬುದು ನಮ್ಮ ಶಿಸ್ತು. ಆ ಶಿಸ್ತನ್ನು ನಾನು ಈಗಲೂ ಗೌರವಿಸುತ್ತೇನೆ. ಆದರೆ ಮಾತೊಂದು ಹೇಳಿದವನ ಜೀವಕ್ಕೇ ಎರವಾಗುವ ಸಂದರ್ಭದಲ್ಲಿ, ದಾಖಲಿಸಿದ ಮೇಲೆ ಅದೇ ಜಗಲಿಯಲ್ಲಿ ಕುಳಿತು ಇನ್ನೊಂದು ಮಾತನ್ನು ಸೇರಿಸಬೇಕೆಂದು ನನಗನ್ನಿಸಿದೆ. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರನ್ನು ಭೇಟಿಯಾದಾಗ ಕಾಲುವೆಯ ಕಲ್ಲು ಮತ್ತು ಅದರ ಹಿಂದಿನ ಸುಳಿಯ ವಿಷಯ ಹೇಳುತ್ತೇನೆ. ಕಲ್ಲಿನ ಮೇಲೆ ಪಾಚಿ ಹಬ್ಬಿ ನುಣುಪಾಗುವಂತೆ ಎಳೆಯ ಮೇಲೆ ಒಳಪೊರೆ ಹಬ್ಬಬೇಕು, ಅಲ್ಲಿಯವರೆಗೆ ಕಾವಲಿಗೆ ಮಾತ್ರೆ ಬೇಕು ಎನ್ನುತ್ತೇನೆ. ಇದೂ ಪೂರ್ತಿ ಸರಿಯಾದ ಚಿತ್ರವಲ್ಲ. ಆದರೆ ಗದ್ದೆಗೆ ನೀರು ಹಾಯಿಸಿದವರು ಅದನ್ನು ಕೇಳಿ ತಲೆಯಾಡಿಸುತ್ತಾರೆ. ಮಾತ್ರೆ ಎಷ್ಟು ದಿನ ಎಂದು ವೈದ್ಯರನ್ನೇ ಕೇಳಿ ಬರುತ್ತೇನೆ ಎನ್ನುತ್ತಾರೆ.